ಪಾಂಡಾ ಕೇಳೋ ಪ್ರಶ್ನೆಗಳು: ‘ವಾಚ್‌ಮೆನ್’ ಮೊದಲ ಎಪಿಸೋಡಿನ ಒಂದು ಅಧ್ಯಯನ

ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು ‘ವಾಚ್‌ಮೆನ್’ ಶುರು ಮಾಡಿದ್ವಿ. ಬ್ಯಾಟ್‌ಮನ್ ತರಹದ್ದೇ ಇನ್ನೊಂದು, ಸ್ವಲ್ಪ ಕತ್ತಲೆ ಜಾಸ್ತಿ ಇರುತ್ತೆ ಅಷ್ಟೇ ಅಂದುಕೊಂಡಿದ್ವಿ. ಆದರೆ ಶುರುವಿನಲ್ಲಿ ಯಾವ ಸೂಪರ್‌ಹೀರೋನೂ ಬರಲಿಲ್ಲ. 1921ರ ಒಂದು ಅಮೆರಿಕನ್ ಊರು. ಬೀದಿ ತುಂಬಾ ಬೆಂಕಿ. ಬಿಳಿ ಜನ ಗುಂಪು ಕಟ್ಟಿಕೊಂಡು ಕಪ್ಪು ಜನರನ್ನ ಅಟ್ಟಿಸಿಕೊಂಡು ಹೋಗಿ ಗುಂಡು ಹೊಡೀತಿದಾರೆ, ಅಂಗಡಿಗಳನ್ನ ಲೂಟಿ ಮಾಡ್ತಿದಾರೆ. ಮೇಲಿನಿಂದ ವಿಮಾನಗಳು ಬಾಂಬ್ ಹಾಕ್ತಿವೆ. ಆ ವಿಮಾನ ನೋಡಿದ ತಕ್ಷಣ ನಾನು, "ಇದು ಸ್ವಲ್ಪ ಓವರ್ ಆಯ್ತು ಮಗಾ" ಅಂದೆ. ಉಳಿದವರೂ ನಕ್ಕರು.

ಮಾರನೇ ದಿನ ಮೆಸ್‌ನಲ್ಲಿ ಕೂತು ಫೋನಿನಲ್ಲಿ ಹುಡುಕಿದಾಗ ಗೊತ್ತಾಯ್ತು, ಅದು ಓವರ್ ಅಲ್ಲ, ನಡೆದದ್ದು. ಆ ಇಡೀ ಎಪಿಸೋಡಿನಲ್ಲಿ ಆಕಾಶದಿಂದ ಸ್ಕ್ವಿಡ್ ಮಳೆ ಬೀಳುತ್ತೆ, ವಿಯೆಟ್ನಾಂ ಅಮೆರಿಕದ ಒಂದು ರಾಜ್ಯ ಆಗಿರುತ್ತೆ, ಸಿನಿಮಾ ನಟ ರಾಬರ್ಟ್ ರೆಡ್‌ಫರ್ಡ್ ಅಧ್ಯಕ್ಷ ಆಗಿರ್ತಾನೆ. ಅದನ್ನೆಲ್ಲ ಕಥೆ ಅಂತ ಆರಾಮಾಗಿ ಒಪ್ಪಿಕೊಂಡು ಕೂತಿದ್ದ ನಾನು, ಸುಳ್ಳು ಅಂತ ನಕ್ಕಿದ್ದು ನಿಜವಾಗಿ ನಡೆದ ಒಂದೇ ಒಂದು ಭಾಗಕ್ಕೆ. ಈ ಲೇಖನ ಬರೆಯೋಕೆ ಕಾರಣ ಅದೇ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇಲ್ಲಿ ಮೊದಲ ಎಪಿಸೋಡಿನ ಕೊನೆಯ ದೃಶ್ಯದವರೆಗೂ ಬರೆದಿದೀನಿ. ನೋಡಿಲ್ಲದವರು ನೋಡಿಕೊಂಡು ಬನ್ನಿ, ಒಂದು ಗಂಟೆ ಅಷ್ಟೇ. ರಕ್ತಪಾತ ಇದೆ, ಮನೆಯವರ ಜೊತೆ ಕೂತು ನೋಡೋ ಸೀರೀಸ್ ಅಲ್ಲ.

ಹಿನ್ನೆಲೆ ಚಿಕ್ಕದಾಗಿ ಹೇಳ್ತೀನಿ. ‘ವಾಚ್‌ಮೆನ್’ ಮೊದಲು ಕಾಮಿಕ್ಸ್. ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರ ಹಾಕಿದ್ದು, 1986ರಿಂದ 1987ರ ತನಕ 12 ಸಂಚಿಕೆಗಳಾಗಿ ಬಂತು. ಎಚ್‌ಬಿಒ ಸೀರೀಸ್ ಅದರ ರೀಮೇಕ್ ಅಲ್ಲ. ಆ ಕಾಮಿಕ್ಸಿನಲ್ಲಿ ನಡೆದದ್ದೆಲ್ಲ ನಡೆದಿದೆ ಅಂತ ಇಟ್ಟುಕೊಂಡು, ಮೂವತ್ನಾಲ್ಕು ವರ್ಷ ಆದಮೇಲೆ ಅದೇ ಪ್ರಪಂಚದಲ್ಲಿ ಏನಾಗಿದೆ ಅಂತ ತೋರಿಸುತ್ತೆ. ಡೇಮನ್ ಲಿಂಡೆಲಾಫ್ ಬರೆದ ಮೊದಲ ಎಪಿಸೋಡನ್ನ ನಿಕೋಲ್ ಕ್ಯಾಸೆಲ್ ನಿರ್ದೇಶಿಸಿದರು. ಪ್ರಸಾರ ಆಗಿದ್ದು 2019ರ ಅಕ್ಟೋಬರ್ 20ಕ್ಕೆ. ಒಟ್ಟು 9 ಎಪಿಸೋಡ್. ಕಾಮಿಕ್ಸ್ ಓದದೇ ಇದ್ದರೂ ಮೊದಲ ಎಪಿಸೋಡ್ ಅರ್ಥ ಆಗುತ್ತೆ. ನಾನು ಓದಿದ್ದೂ ಆಮೇಲೇ.

ಥಿಯೇಟರಿನ ಒಳಗೆ ಮತ್ತು ಹೊರಗೆ

ಎಪಿಸೋಡ್ ಶುರುವಾಗೋದು ಒಂದು ಮೂಕಿ ಚಿತ್ರದಿಂದ. ಕಪ್ಪು ಬಟ್ಟೆ ಹಾಕಿ ತಲೆ ಮುಚ್ಚಿಕೊಂಡ ಒಬ್ಬ ಕುದುರೆ ಸವಾರ, ಬಿಳಿ ಬಟ್ಟೆಯ ಒಬ್ಬನನ್ನ ಅಟ್ಟಿಸಿಕೊಂಡು ಹೋಗ್ತಾನೆ. ಚರ್ಚ್ ಮುಂದೆ ಹಗ್ಗ ಬೀಸಿ ಹಿಡೀತಾನೆ. ಹಿಡಿಸಿಕೊಂಡವನು ಊರಿನ ಷೆರಿಫ್, ಅಂದ್ರೆ ಪೊಲೀಸ್. ಊರಿನವರು ಗಾಬರಿ ಆಗ್ತಾರೆ. ಆಮೇಲೆ ಗೊತ್ತಾಗೋದು, ಷೆರಿಫ್‌ನೇ ದನಗಳ್ಳ. ಹಿಡಿದವನು ಮುಸುಕು ತೆಗೆದರೆ ಬ್ಯಾಸ್ ರೀವ್ಸ್ ಅನ್ನೋ ಕಪ್ಪು ಮಾರ್ಷಲ್. ಜನ ಷೆರಿಫ್‌ನ ಅಲ್ಲೇ ನೇಣು ಹಾಕೋಣ ಅಂತಾರೆ. ರೀವ್ಸ್ ಬೇಡ ಅಂತಾನೆ, ಗುಂಪು ನ್ಯಾಯ ಬೇಡ, ಕಾನೂನನ್ನ ನಂಬಿ ಅಂತಾನೆ. ಥಿಯೇಟರಿನಲ್ಲಿ ಒಬ್ಬನೇ ಒಬ್ಬ ಪುಟ್ಟ ಹುಡುಗ ಕೂತು ಆ ಡೈಲಾಗ್ ಬಾಯಿಪಾಠ ಹೇಳ್ತಿರ್ತಾನೆ. ಪರದೆ ಪಕ್ಕದಲ್ಲಿ ಪಿಯಾನೋ ನುಡಿಸ್ತಿರೋದು ಅವನ ಅಮ್ಮ. ಅವಳ ಕಣ್ಣಲ್ಲಿ ನೀರು. ಮೊದಲ ಸಲ ನೋಡ್ದಾಗ ಯಾಕೆ ಅಳ್ತಿದಾಳೆ ಅಂತ ಗೊತ್ತಾಗಲ್ಲ. ಹೊರಗಡೆ ಏನು ನಡೀತಿದೆ ಅಂತ ಅವಳಿಗೆ ಗೊತ್ತು, ಹುಡುಗನಿಗೆ ಗೊತ್ತಿಲ್ಲ.

ಬ್ಯಾಸ್ ರೀವ್ಸ್ ಕೂಡ ಕಲ್ಪನೆ ಅಲ್ಲ. 1838ರಲ್ಲಿ ಗುಲಾಮನಾಗಿ ಹುಟ್ಟಿದವನು. 1875ರಿಂದ ಮೂವತ್ತಕ್ಕೂ ಹೆಚ್ಚು ವರ್ಷ, ಈಗಿನ ಓಕ್ಲಹೋಮಾ ಇರೋ ಪ್ರದೇಶದಲ್ಲಿ ಡೆಪ್ಯುಟಿ ಮಾರ್ಷಲ್ ಆಗಿ ಕೆಲಸ ಮಾಡಿದ. ಸ್ವಂತ ಮಗನ ಮೇಲೆ ಕೊಲೆ ಕೇಸ್ ಬಂದಾಗ ಅವನನ್ನ ಅರೆಸ್ಟ್ ಮಾಡಿದ್ದೂ ಇದೇ ಮನುಷ್ಯ. ಅಂದ್ರೆ ‘ಕಾನೂನನ್ನ ನಂಬಿ’ ಅನ್ನೋ ಮಾತನ್ನ ಹೇಳೋಕೆ ಇವನಿಗಿಂತ ಯೋಗ್ಯ ಸಿಗಲ್ಲ. ಅಂಥವನ ಬಾಯಿಂದ ಆ ಮಾತು ಹೇಳಿಸಿ, ಮುಂದಿನ ಶಾಟ್‌ನಲ್ಲೇ ಥಿಯೇಟರಿನ ಬಾಗಿಲು ತೆಗೀತಾರೆ.

ಹೊರಗಡೆ ಇರೋದು ಓಕ್ಲಹೋಮಾ ರಾಜ್ಯದ ಟಲ್ಸಾ ಊರಿನ ಗ್ರೀನ್‌ವುಡ್ ಬಡಾವಣೆ. ಆ ಕಾಲದಲ್ಲಿ ಕಪ್ಪು ಜನರೇ ಕಟ್ಟಿಕೊಂಡಿದ್ದ ಅಂಗಡಿ, ಹೋಟೆಲ್, ಪತ್ರಿಕೆ, ಆಸ್ಪತ್ರೆ, ಡ್ರೀಮ್‌ಲ್ಯಾಂಡ್ ಅನ್ನೋ ಥಿಯೇಟರ್ ಎಲ್ಲ ಇದ್ದ ಜಾಗ. ಅದಕ್ಕೆ ‘ಬ್ಲ್ಯಾಕ್ ವಾಲ್ ಸ್ಟ್ರೀಟ್’ ಅಂತಲೂ ಹೆಸರು. 1921ರ ಮೇ 30ರಂದು ಡಿಕ್ ರೋಲ್ಯಾಂಡ್ ಅನ್ನೋ ಶೂ ಪಾಲಿಶ್ ಮಾಡೋ ಹುಡುಗ ಡ್ರೆಕ್ಸೆಲ್ ಬಿಲ್ಡಿಂಗಿನ ಲಿಫ್ಟ್ ಹತ್ತಿದ. ವಯಸ್ಸು 19, ನನ್ನಷ್ಟೇ. ಲಿಫ್ಟ್ ನಡೆಸ್ತಿದ್ದವಳು ಸಾರಾ ಪೇಜ್ ಅನ್ನೋ ಬಿಳಿ ಹುಡುಗಿ. ಅವನು ಎಡವಿ ಅವಳ ಕೈ ಹಿಡಿದಿರಬೇಕು, ಅವಳು ಕಿರುಚಿದಳು. ಮಾರನೇ ದಿನ ಅವನನ್ನ ಅರೆಸ್ಟ್ ಮಾಡಿದರು, ಊರಿನ ಪತ್ರಿಕೆಯಲ್ಲಿ ಹಲ್ಲೆ ಅಂತ ಸುದ್ದಿ ಬಂತು, ಸಂಜೆ ಹೊತ್ತಿಗೆ ಕೋರ್ಟ್ ಮುಂದೆ ಬಿಳಿ ಜನರ ಗುಂಪು ಸೇರಿತು. ಅವನನ್ನ ಎಳೆದು ನೇಣು ಹಾಕ್ತಾರೆ ಅನ್ನೋ ಭಯದಿಂದ ಗ್ರೀನ್‌ವುಡ್‌ನ ಗಂಡಸರು ಕೋವಿ ಹಿಡಿದು ಕೋರ್ಟ್ ಹತ್ರ ಹೋದರು. ಅವರಲ್ಲಿ ಮೊದಲ ಮಹಾಯುದ್ಧದಲ್ಲಿ ಅಮೆರಿಕಕ್ಕಾಗಿ ಹೋರಾಡಿ ಬಂದ ಸೈನಿಕರೂ ಇದ್ದರು. ಕೋವಿ ಕಿತ್ಕೊಳ್ಳೋ ಜಗ್ಗಾಟದಲ್ಲಿ ಒಂದು ಗುಂಡು ಹಾರಿತು. ಜೂನ್ 1ರ ಮಧ್ಯಾಹ್ನದ ಹೊತ್ತಿಗೆ ಸುಮಾರು 35 ಬ್ಲಾಕ್ ಸುಟ್ಟು ಹೋಗಿತ್ತು. ರೆಡ್ ಕ್ರಾಸ್ ಎಣಿಸಿದ ಸುಟ್ಟ ಮನೆಗಳೇ 1,256. ಸತ್ತವರು ಅಂತ ಸರ್ಕಾರಿ ದಾಖಲೆಯಲ್ಲಿದ್ದದ್ದು 36. ಇತಿಹಾಸಕಾರರ ಅಂದಾಜು 100ರಿಂದ 300.

ಈಗ ಆ ವಿಮಾನದ ವಿಷಯ. ಗ್ರೀನ್‌ವುಡ್‌ನಲ್ಲಿ ವಕೀಲರಾಗಿದ್ದ ಬಿ. ಸಿ. ಫ್ರ್ಯಾಂಕ್ಲಿನ್ ಅನ್ನೋರು ಅವತ್ತು ಕಣ್ಣಾರೆ ಕಂಡದ್ದನ್ನ 1931ರಲ್ಲಿ ಬರೆದಿಟ್ಟಿದ್ದರು, ಹತ್ತು ಪುಟ. ತಲೆ ಮೇಲೆ ಸುತ್ತುತ್ತಿದ್ದ ವಿಮಾನಗಳು, ಚಾವಣಿಯಿಂದ ಹತ್ತಿಕೊಂಡ ಬೆಂಕಿ ಎರಡೂ ಅದರಲ್ಲಿದೆ. ಆ ಹಸ್ತಪ್ರತಿ ಹೊರಬಂದದ್ದು 2015ರಲ್ಲಿ. ಈಗ ಸ್ಮಿತ್‌ಸೋನಿಯನ್‌ನ ಮ್ಯೂಸಿಯಮ್ಮಿನಲ್ಲಿದೆ. ನಾನು ‘ಓವರ್’ ಅಂದಿದ್ದು ಇದಕ್ಕೆ.

ಕಾನೂನು ಏನು ಮಾಡ್ತು ಅನ್ನೋದೇ ಮುಖ್ಯ. ಟಲ್ಸಾ ಪೊಲೀಸರು ಆ ಗುಂಪಿನಲ್ಲಿದ್ದ ಬಿಳಿ ಗಂಡಸರನ್ನೇ ನೂರಾರು ಸಂಖ್ಯೆಯಲ್ಲಿ ‘ವಿಶೇಷ ಡೆಪ್ಯುಟಿ’ಗಳಾಗಿ ನೇಮಿಸಿದರು. ಮನೆ ಕಳೆದುಕೊಂಡ ಸಾವಿರಾರು ಕಪ್ಪು ಜನರನ್ನೇ ಕಾವಲಿನಲ್ಲಿ ಕೂಡಿ ಹಾಕಿದರು. ಕೊಲೆಗೂ ಬೆಂಕಿಗೂ ಒಬ್ಬ ಬಿಳಿಯನಿಗೂ ಶಿಕ್ಷೆ ಆಗಲಿಲ್ಲ. ಇನ್ಶೂರೆನ್ಸ್ ಕಂಪನಿಗಳು ‘ಗಲಭೆ’ಯ ನಷ್ಟ ಪಾಲಿಸಿಯಲ್ಲಿ ಬರಲ್ಲ ಅಂತ ಕೈ ತೊಳೆದುಕೊಂಡವು. ಗಲಭೆ ಅಂತ ಕರೆದರೆ ದುಡ್ಡಿಲ್ಲ, ಹತ್ಯಾಕಾಂಡ ಅಂತ ಕರೆಯೋಕೆ ಯಾರೂ ತಯಾರಿಲ್ಲ. ಒಂದು ಪದದಿಂದ ಎಷ್ಟೆಲ್ಲ ಆಗುತ್ತೆ ನೋಡಿ. ಡಿಕ್ ರೋಲ್ಯಾಂಡ್ ಮೇಲಿನ ಕೇಸ್ ಆಮೇಲೆ ಬಿದ್ದೇ ಹೋಯ್ತು. ಆ ರಾಜ್ಯ ಈ ಬಗ್ಗೆ ವಿಚಾರಣಾ ಆಯೋಗ ಮಾಡಿದ್ದು 1997ರಲ್ಲಿ, ವರದಿ ಬಂದದ್ದು 2001ರಲ್ಲಿ.

ಸೀರೀಸಿನಲ್ಲಿ ಆ ಹುಡುಗನ ಅಪ್ಪ ಸೈನ್ಯದ ಯೂನಿಫಾರ್ಮಿನಲ್ಲಿ ಬಂದು ಇಬ್ಬರನ್ನೂ ಕರ್ಕೊಂಡು ಓಡ್ತಾನೆ. ಊರು ಬಿಟ್ಟು ಹೋಗ್ತಿರೋ ಒಂದು ಕಾರಿನಲ್ಲಿ ಎಲ್ಲರಿಗೂ ಜಾಗ ಇಲ್ಲ. ಹುಡುಗನನ್ನ ಮಾತ್ರ ಒಂದು ಪೆಟ್ಟಿಗೆಯೊಳಗೆ ಕೂರಿಸಿ ಕಳಿಸ್ತಾರೆ. ಅವನ ಜೇಬಿನಲ್ಲಿ ಒಂದು ಚೀಟಿ: ಈ ಹುಡುಗನನ್ನ ನೋಡ್ಕೊಳ್ಳಿ. ಇಲ್ಲಿ ನಮ್ಮ ನಾಲ್ಕು ಜನರಲ್ಲಿ ಒಬ್ಬ ಮಾತ್ರ ಒಂದು ವಿಷಯ ಗುರುತಿಸಿದ. ನಾಶ ಆಗ್ತಿರೋ ಪ್ರಪಂಚ, ಜಾಗ ಸಾಲದ ವಾಹನ, ಅಪ್ಪ ಅಮ್ಮ ಒಬ್ಬನೇ ಮಗನನ್ನ ಅದರಲ್ಲಿ ಕೂರಿಸಿ ಕಳಿಸೋದು, ಇದು ಸೂಪರ್‌ಮ್ಯಾನ್ ಕಥೆ ಅಲ್ವಾ? ಹೌದು, 1938ರಿಂದ ಎಲ್ಲ ಮಕ್ಕಳಿಗೂ ಗೊತ್ತಿರೋ ಕಥೆ. ಕ್ರಿಪ್ಟಾನ್ ಬದಲು ಗ್ರೀನ್‌ವುಡ್. ಅಂದ್ರೆ ಸೂಪರ್‌ಹೀರೋ ಇಲ್ಲ ಅಂತ ನಾವು ಬೈಕೊಳ್ತಾ ಕೂತಿದ್ದ ಭಾಗದಲ್ಲೇ ಅವನ ಹುಟ್ಟು ಆಗಿಹೋಗಿತ್ತು.

ಬೀಗ ಹಾಕಿದ ಗನ್

ಅಲ್ಲಿಂದ ಸೀದಾ 2019ಕ್ಕೆ ಬರುತ್ತೆ, ಅದೇ ಟಲ್ಸಾ. ರಾತ್ರಿ. ಒಬ್ಬ ಪೊಲೀಸ್ ಒಂದು ಟ್ರಕ್ ನಿಲ್ಲಿಸ್ತಾನೆ. ಪೊಲೀಸ್ ಕಪ್ಪು ಮನುಷ್ಯ, ಮುಖದ ಕೆಳಭಾಗಕ್ಕೆ ಹಳದಿ ಮುಸುಕು. ಟ್ರಕ್ಕಿನವನು ಬಿಳಿಯ. ಅಮೆರಿಕದಿಂದ ಬರೋ ಇಂಥ ವಿಡಿಯೋಗಳನ್ನ ನಾವು ಎಷ್ಟು ನೋಡಿದೀವಿ ಅಂದ್ರೆ, ಇಲ್ಲಿ ಎರಡೂ ಪಾತ್ರ ಅದಲು ಬದಲಾಗಿರೋದು ತಕ್ಷಣ ಕಣ್ಣಿಗೆ ಹೊಡೆಯುತ್ತೆ. ಟ್ರಕ್ಕಿನ ಗ್ಲವ್ ಬಾಕ್ಸಿನಲ್ಲಿ ರೋರ್‌ಶಾಕ್ ಮುಖವಾಡ ಕಾಣಿಸುತ್ತೆ. ರೋರ್‌ಶಾಕ್ ಹಳೇ ಕಾಮಿಕ್ಸಿನ ಹೀರೋ, ಮುಖದ ಮೇಲೆ ಇಂಕ್ ಚೆಲ್ಲಿದಂಥ ಮುಖವಾಡದವನು. ಈಗ ‘ಸೆವೆಂತ್ ಕ್ಯಾವಲ್ರಿ’ ಅನ್ನೋ ಜನಾಂಗದ್ವೇಷಿ ಗುಂಪು ಅದನ್ನೇ ತಮ್ಮ ಗುರುತು ಮಾಡಿಕೊಂಡಿದೆ.

ಪೊಲೀಸ್ ತನ್ನ ಕಾರಿಗೆ ವಾಪಸ್ ಬಂದು ಗನ್ ತಗೋಬೇಕು. ಆದರೆ ಗನ್‌ಗೆ ಬೀಗ. ರೇಡಿಯೋದಲ್ಲಿ ಠಾಣೆಗೆ ಕೇಳಬೇಕು, ಅಲ್ಲಿಂದ ರಿಮೋಟ್‌ನಲ್ಲಿ ತೆಗೀಬೇಕು. ಆ ಕಡೆ ಕೂತಿರೋದು ಪಾಂಡಾ, ನಿಜವಾಗ್ಲೂ ಪಾಂಡಾ ತಲೆಯ ಮುಖವಾಡ ಹಾಕಿರೋ ಪೊಲೀಸ್. ಅವನು ಒಂದೊಂದೇ ಪ್ರಶ್ನೆ ಕೇಳ್ತಾ ಹೋಗ್ತಾನೆ. ಆಸಾಮಿ ಕುಡಿದಿದಾನಾ? ಆಯುಧ ಕಾಣಿಸ್ತಾ? ಪೊಲೀಸ್ ಬೆವರ್ತಾ ಉತ್ತರ ಕೊಡ್ತಾನೆ. ಕೊನೆಗೂ ಬೀಗ ತೆಗೆಯುತ್ತೆ, ಗನ್ ಕೈಗೆ ಬರೋ ಹೊತ್ತಿಗೆ ಎದುರಿನ ಗಾಜಿನಿಂದ ಗುಂಡುಗಳು ಬಂದಾಗಿರುತ್ತೆ.

ನಮ್ಮ ರೂಮಿನಲ್ಲಿ ಆ ಹೊತ್ತಿಗೆ ಎಲ್ಲರೂ ಪಾಂಡಾಗೆ ಬೈತಿದ್ದರು. ನಾನೂ ಬೈದೆ. ಈ ದೃಶ್ಯದ ಬಗ್ಗೆ ಎಂಜಿನಿಯರಿಂಗ್ ಓದೋರು ಸ್ವಲ್ಪ ನಿಂತು ಯೋಚಿಸಬೇಕು, ಅದಕ್ಕೇ ಇಲ್ಲಿ ಉದ್ದ ಎಳೀತೀನಿ.

ಆ ಬೀಗ ಒಂದು ಇಂಟರ್‌ಲಾಕ್. ಹಳೇ ಲಿಫ್ಟಿನಲ್ಲಿ ಮಡಚೋ ಕಬ್ಬಿಣದ ಗೇಟ್ ಸರಿಯಾಗಿ ಹಾಕದಿದ್ದರೆ ಲಿಫ್ಟ್ ಕದಲಲ್ಲ, ಅದೇ ಇದು. ಒಂದು ಷರತ್ತು ಪೂರ್ತಿ ಆಗೋ ತನಕ ಅಪಾಯದ ಕೆಲಸ ಆಗಬಾರದು. ಇದರ ಜೊತೆ ಬರೋ ಇನ್ನೊಂದು ಮಾತು ಫೇಲ್ ಸೇಫ್. ಸಿಸ್ಟಂ ಕೆಟ್ಟರೆ, ಅಥವಾ ಉತ್ತರ ಬರದಿದ್ದರೆ, ಅದು ಯಾವ ಸ್ಥಿತಿಗೆ ಹೋಗಿ ನಿಲ್ಲಬೇಕು? ರೈಲ್ವೆಯ ಹಳೇ ಕೈ ಸಿಗ್ನಲ್‌ನಲ್ಲಿ ತಂತಿ ತುಂಡಾದರೆ ಕೈ ತಾನಾಗೇ ‘ನಿಲ್ಲು’ ಅನ್ನೋ ಸ್ಥಾನಕ್ಕೆ ಬರುತ್ತೆ. ರೈಲು ಲೇಟಾಗುತ್ತೆ, ಆದರೆ ಜನ ಸಾಯಲ್ಲ. ಅಲ್ಲಿ ‘ಸೇಫ್’ ಅಂದ್ರೆ ಏನು ಅಂತ ಯಾರಿಗೂ ಜಗಳ ಇಲ್ಲ.

ಗನ್ ವಿಷಯದಲ್ಲಿ ಜಗಳ ಇದೆ. ಬೀಗ ಹಾಕೇ ಇರೋದು ‘ಸೇಫ್’ ಅಂತ ಆ ಊರು ಒಪ್ಪಿಕೊಂಡಿದೆ. ಆದರೆ ಯಾರಿಗೆ ಸೇಫ್? ರಸ್ತೆಯಲ್ಲಿ ನಿಲ್ಲಿಸಿಕೊಂಡ ಸಾಮಾನ್ಯ ಮನುಷ್ಯನಿಗೆ. ಪೊಲೀಸಿಗಲ್ಲ. ಬೀಗ ತೆಗೆದೇ ಇಟ್ಟರೆ ಪೊಲೀಸಿಗೆ ಸೇಫ್, ರಸ್ತೆಯಲ್ಲಿರೋನಿಗೆ ಅಲ್ಲ. ನಾವು ಕ್ಲಾಸಿನಲ್ಲಿ ಸರ್ಕ್ಯೂಟ್ ಬರೆಯೋವಾಗ ‘ಡಿಫಾಲ್ಟ್ ಸ್ಟೇಟ್’ ಅಂತ ಒಂದು ಬಾಣ ಎಳೆದು ಮುಂದೆ ಹೋಗಿಬಿಡ್ತೀವಿ. ಆ ಬಾಣ ಎಳೆಯೋವಾಗ, ತಪ್ಪಾದ್ರೆ ಯಾರು ಸಾಯಬೇಕು ಅಂತ ನಾವೇ ನಿರ್ಧಾರ ಮಾಡಿಬಿಟ್ಟಿರ್ತೀವಿ. ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಇದು ಬರೆದಿರಲ್ಲ.

ಲಿಂಡೆಲಾಫ್ ಮಾಡೋ ಕೆಲಸ ಚಾಣಾಕ್ಷತನದ್ದು. ನಿಯಮ ವಿಫಲ ಆಗಿದ್ದನ್ನ ಮೊದಲು ತೋರಿಸ್ತಾರೆ, ಅದೂ ನಮಗೆ ಇಷ್ಟ ಆಗೋ ಒಬ್ಬ ಪೊಲೀಸ್ ಗುಂಡು ತಿನ್ನೋ ಹಾಗೆ. ನಿಯಮ ಕೆಲಸ ಮಾಡಿದ ಸಾವಿರ ರಾತ್ರಿಗಳು ನಮಗೆ ಕಾಣಿಸಲ್ಲ. ಗುಂಡು ಹಾರದ ರಾತ್ರಿಗೆ ದೃಶ್ಯ ಎಲ್ಲಿರುತ್ತೆ? ಹಾಗಾಗಿ ನಾವೆಲ್ಲ, ಸೀಟಿನಲ್ಲಿ ಕೂತೇ, ಬೀಗ ತೆಗೀರಿ ಅನ್ನೋ ಪಾರ್ಟಿಗೆ ಓಟು ಹಾಕಿಬಿಡ್ತೀವಿ. ಮುಂದೆ ಪೊಲೀಸ್ ಮುಖ್ಯಸ್ಥ ಜಡ್ ಕ್ರಾಫರ್ಡ್ (ಡಾನ್ ಜಾನ್ಸನ್) ಎಲ್ಲರ ಗನ್‌ಗಳನ್ನೂ 24 ಗಂಟೆ ಬಿಡುಗಡೆ ಮಾಡ್ತಾನೆ. ಪಾಂಡಾ ಎದ್ದು ನಿಯಮ ಹೇಳೋಕೆ ಹೋಗ್ತಾನೆ, ಯಾರೂ ಕೇಳಲ್ಲ. ನಾವೂ ಕೇಳಲಿಲ್ಲ.

ಆಮೇಲೆ ಬರೋದು ಬಿಲ್. ಕಥೆಯ ನಾಯಕಿ ಆಂಜೆಲಾ ಏಬರ್ (ರೆಜಿನಾ ಕಿಂಗ್) ಹೊರಗಡೆ ಬೇಕರಿ ತೆರೆಯೋಕೆ ಹೊರಟಿರೋ ಗೃಹಿಣಿ, ಒಳಗಡೆ ‘ಸಿಸ್ಟರ್ ನೈಟ್’ ಅನ್ನೋ ಮುಖವಾಡದ ಪತ್ತೇದಾರಿ. ಅವಳು ಶಂಕಿತನೊಬ್ಬನನ್ನ ಅವನ ಮನೆಗೇ ನುಗ್ಗಿ ಹೊಡೆದು ಡಿಕ್ಕಿಯಲ್ಲಿ ತುಂಬ್ಕೊಂಡು ಬರ್ತಾಳೆ. ವಾರಂಟ್ ಇಲ್ಲ, ಲಾಯರ್ ಇಲ್ಲ. ಠಾಣೆಯಲ್ಲಿ ‘ಲುಕಿಂಗ್ ಗ್ಲಾಸ್’ (ಟಿಮ್ ಬ್ಲೇಕ್ ನೆಲ್ಸನ್) ಅನ್ನೋನು, ಮುಖಕ್ಕೆ ಕನ್ನಡಿಯಂಥ ಮುಖವಾಡ ಹಾಕಿಕೊಂಡು, ಆ ಮನುಷ್ಯನನ್ನ ಒಂದು ಗೋಳದ ಥರದ ರೂಮಿನಲ್ಲಿ ಕೂರಿಸಿ, ಸುತ್ತ ಚಿತ್ರಗಳನ್ನ ಹಾಯಿಸಿ ಪ್ರಶ್ನೆ ಕೇಳ್ತಾನೆ. ಉತ್ತರ ಮುಖ್ಯ ಅಲ್ಲ, ಮುಖದ ಪ್ರತಿಕ್ರಿಯೆ ನೋಡಿ ಅವನು ಆ ಗುಂಪಿನವನು ಅಂತ ತೀರ್ಮಾನ ಮಾಡ್ತಾನೆ. ಅದಾದ ಮೇಲೆ ಸಿಸ್ಟರ್ ನೈಟ್ ಅವನ ಜೊತೆ ಒಂದು ರೂಮಿಗೆ ಹೋಗಿ ಬಾಗಿಲು ಹಾಕ್ಕೊಳ್ತಾಳೆ. ನಮಗೆ ಬರೀ ಬಾಗಿಲು ಕಾಣಿಸುತ್ತೆ, ಅದರ ಕೆಳಗಿನಿಂದ ಹೊರಗೆ ಹರಿದು ಬರೋ ರಕ್ತ ಕಾಣಿಸುತ್ತೆ.

ಪಾಂಡಾ ಅಷ್ಟೊಂದು ಪ್ರಶ್ನೆ ಕೇಳಿದ್ದು ಇದು ಆಗಬಾರದು ಅಂತ ತಾನೇ? ಗನ್‌ಗೆ ಬೀಗ ಇತ್ತು, ಮುಷ್ಟಿಗೆ ಇರಲಿಲ್ಲ. ಶಂಕಿತ ಅಸಹ್ಯ ಮನುಷ್ಯ ಅನ್ನೋದರಲ್ಲಿ ಅನುಮಾನ ಇಲ್ಲ, ಅವನು ಕೊಟ್ಟ ಮಾಹಿತಿಯೂ ಸರಿ ಇರುತ್ತೆ. ಎಪಿಸೋಡ್ ನಮ್ಮನ್ನ ಅಲ್ಲಿಂದ ಸುಲಭವಾಗಿ ಪಾರಾಗೋಕೆ ಬಿಡಲ್ಲ. ಹೊಡೆತ ಕೆಲಸ ಮಾಡಿತು, ಹಾಗಾದರೆ ಸರಿನಾ? ನನ್ನ ರೂಮ್‌ಮೇಟ್ ‘ಸರಿ’ ಅಂತಾನೆ. ಈಗಲೂ ವಾದ ಮುಗಿದಿಲ್ಲ. ನನ್ನ ಮಟ್ಟಿಗೆ ಹೇಳೋದಾದರೆ, ಅಷ್ಟು ಹೊತ್ತಿಗೆ 1921ರ ಆ ವಿಶೇಷ ಡೆಪ್ಯುಟಿಗಳು ನೆನಪಾಗಿ ಹೊಟ್ಟೆ ಕಿವುಚಿದ ಹಾಗಾಯ್ತು. ಅವರಿಗೂ ಎದುರಿಗಿರೋನು ಅಪರಾಧಿ ಅಂತ ಪೂರ್ತಿ ಖಾತ್ರಿ ಇತ್ತು.

ಮುಖವಾಡದ ಕಾರಣ

ಪೊಲೀಸರಿಗೆ ಮುಖವಾಡ ಯಾಕೆ ಅನ್ನೋದನ್ನ ಈ ಎಪಿಸೋಡ್ ಒಂದೇ ಉಸಿರಿಗೆ ಹೇಳಲ್ಲ. ಮೂರು ವರ್ಷದ ಹಿಂದೆ ‘ವೈಟ್ ನೈಟ್’ ಅಂತ ಒಂದು ರಾತ್ರಿ, ಕ್ಯಾವಲ್ರಿಯವರು ಪೊಲೀಸರ ಮನೆಗಳಿಗೇ ನುಗ್ಗಿ ಕೊಂದಿದ್ದರು. ಅದಾದ ಮೇಲೆ ಪೊಲೀಸರು ತಾವು ಯಾರು ಅನ್ನೋದನ್ನ ಮುಚ್ಚಿಡೋಕೆ ಕಾನೂನೇ ಆಯ್ತು. ಕಾರಣ ನ್ಯಾಯವಾದದ್ದೇ. ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ಆದರೆ ಮುಖವಾಡ ಹಾಕಿದ ಪೊಲೀಸ್ ಹೊಡೆದರೆ ಯಾರ ಮೇಲೆ ದೂರು ಕೊಡೋದು? ಹೆಸರು, ಮುಖ, ನಂಬರ್ ಏನೂ ಇಲ್ಲ. ಆ ಮೂಕಿ ಚಿತ್ರದ ಬ್ಯಾಸ್ ರೀವ್ಸ್ ಮೊದಲು ಮುಸುಕು ತೆಗೆದು, ಎದೆ ಮೇಲಿನ ಬ್ಯಾಡ್ಜ್ ತೋರಿಸಿ, ಆಮೇಲೆ ಕಾನೂನಿನ ಮಾತಾಡಿದ. ಎರಡನೇ ಸಲ ನೋಡ್ದಾಗ ಮಾತ್ರ ಇದು ನನಗೆ ಹೊಳೀತು.

ಸ್ಕ್ವಿಡ್ ಮಳೆ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಕಾಮಿಕ್ಸಿನ ಕೊನೆಗೆ, 1985ರಲ್ಲಿ, ನ್ಯೂಯಾರ್ಕಿನಲ್ಲಿ ದೈತ್ಯ ಸ್ಕ್ವಿಡ್‌ನಂಥದ್ದೊಂದು ಬಂದು ಬಿದ್ದು ಲಕ್ಷಾಂತರ ಜನ ಸಾಯ್ತಾರೆ. ಅನ್ಯಲೋಕದ ದಾಳಿ ಅಂತ ಜಗತ್ತು ನಂಬುತ್ತೆ. ಅದು ಒಬ್ಬ ಮನುಷ್ಯ ಕಟ್ಟಿದ ಸುಳ್ಳು. 2019ರಲ್ಲೂ ಆಗಾಗ ಪುಟ್ಟ ಸ್ಕ್ವಿಡ್‌ಗಳ ಮಳೆ ಬೀಳುತ್ತೆ. ಸೈರನ್ ಕೂಗುತ್ತೆ, ಆಂಜೆಲಾ ಕಾರ್ ಪಕ್ಕಕ್ಕೆ ಹಾಕ್ತಾಳೆ, ಮಳೆ ನಿಂತ ಮೇಲೆ ವೈಪರ್ ಹಾಕಿ ಒರೆಸಿಕೊಂಡು ಮಗನ ಜೊತೆ ಮನೆಗೆ ಹೋಗ್ತಾಳೆ. ಒಂದು ಮಾತಿನ ವಿವರಣೆಯೂ ಇಲ್ಲ. ಆ ಊರಿನಲ್ಲಿ ನಡೆಯದೇ ಇದ್ದ ದಾಳಿ ಎಲ್ಲರಿಗೂ ನೆನಪಿದೆ, ನಡೆದ ಹತ್ಯಾಕಾಂಡ ಎಷ್ಟು ಜನಕ್ಕೆ ನೆನಪಿದೆ ಅನ್ನೋದು ಆ ವೈಪರ್ ನೋಡ್ತಾ ನನಗೆ ಬಂದ ಪ್ರಶ್ನೆ.

ಹಿಡಿಸದೇ ಇದ್ದದ್ದನ್ನೂ ಹೇಳಬೇಕು. ದನದ ಫಾರಂನಲ್ಲಿ ಒಂದು ದೊಡ್ಡ ಗುಂಡಿನ ಕಾಳಗ ಇದೆ, ಪೊಲೀಸರ ಹಾರೋ ಯಂತ್ರ ವಿಮಾನವೊಂದನ್ನ ಅಟ್ಟಿಸಿಕೊಂಡು ಹೋಗುತ್ತೆ. ಚೆನ್ನಾಗಿ ತೆಗೆದಿದಾರೆ, ಆದರೆ ಅದನ್ನ ಬೇರೆ ಯಾವ ಸೀರೀಸಿಗೆ ಹಾಕಿದರೂ ನಡೆಯುತ್ತೆ. ನಡುವೆ ಒಂದು ಕೋಟೆಯಂಥ ಬಂಗಲೆಯಲ್ಲಿ ಜೆರೆಮಿ ಐರನ್ಸ್ ಕುದುರೆ ಹತ್ತಿ, ಕೇಕ್ ಕತ್ತರಿಸಿ, ನಾಟಕ ಬರೆದು ಹೋಗ್ತಾರೆ. ಅದು ಮುಂದೆ ಎಲ್ಲಿಗೋ ಕೂಡ್ಕೊಳ್ಳುತ್ತೆ, ಆದರೆ ಮೊದಲ ಎಪಿಸೋಡ್ ಒಂದನ್ನೇ ಇಟ್ಟುಕೊಂಡು ನೋಡಿದರೆ ಆ ಭಾಗ ಬೇರೆ ಯಾವುದೋ ಚಾನೆಲ್ ತಾಗಿದ ಹಾಗಿರುತ್ತೆ.

ಶೀರ್ಷಿಕೆಯಲ್ಲೇ ಇದ್ದ ಉತ್ತರ

ಈ ಎಪಿಸೋಡಿನ ಹೆಸರನ್ನ ಕನ್ನಡದಲ್ಲಿ ಹೇಳಿದರೆ ‘ಇದು ಬೇಸಿಗೆ, ನಮ್ಮ ಹತ್ರ ಐಸ್ ಖಾಲಿಯಾಗ್ತಿದೆ’ ಅಂತ. ಏನಿದು ತಲೆಬುಡ ಇಲ್ಲದ ಹೆಸರು ಅಂದುಕೊಂಡಿದ್ದೆ. ಪೊಲೀಸಿಗೆ ಗುಂಡು ಬಿದ್ದ ಸುದ್ದಿ ಬರೋವಾಗ ಜಡ್ ಒಂದು ನಾಟಕ ನೋಡ್ತಿರ್ತಾನೆ. ಅದು ‘ಓಕ್ಲಹೋಮಾ!’, ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಜೋಡಿಯ 1943ರ ಸಂಗೀತ ನಾಟಕ. ಸೀರೀಸಿನಲ್ಲಿ ಅದನ್ನ ಪೂರ್ತಿ ಕಪ್ಪು ನಟರೇ ಆಡ್ತಿದಾರೆ. ಆ ನಾಟಕದ ಕಥೆ ನಡೆಯೋದು 1906ರಲ್ಲಿ, ಕ್ಲೇರ್‌ಮೋರ್ ಊರಿನ ಹೊಲಗಳಲ್ಲಿ. ಕ್ಲೇರ್‌ಮೋರ್ ಇರೋದು ಟಲ್ಸಾ ಹತ್ತಿರವೇ. ಗ್ರೀನ್‌ವುಡ್ ಕಟ್ಟೋಕೆ ಶುರು ಮಾಡಿದ್ದೂ ಅದೇ 1906ರ ಸುಮಾರಿಗೆ. ಒಂದೇ ನೆಲ, ಒಂದೇ ಕಾಲ. ಆ ನಾಟಕ ಅಮೆರಿಕದ ಶಾಲೆ ಶಾಲೆಗಳಲ್ಲಿ ಆಡಿದರು, ಗ್ರೀನ್‌ವುಡ್ ಬಗ್ಗೆ ದಶಕಗಟ್ಟಲೆ ಯಾರೂ ಬಾಯಿ ಬಿಡಲಿಲ್ಲ.

ಎಪಿಸೋಡಿನ ಹೆಸರು ಅದೇ ನಾಟಕದ ಒಂದು ಹಾಡಿನಿಂದ ತಗೊಂಡಿದ್ದು. ಆ ಹಾಡಿನಲ್ಲಿ ಒಬ್ಬ ಇನ್ನೊಬ್ಬನಿಗೆ, ನೀನು ನೇಣು ಹಾಕ್ಕೊಂಡು ಸತ್ತರೆ ಜನ ನಿನಗೋಸ್ಕರ ಎಷ್ಟು ಅಳ್ತಾರೆ ಗೊತ್ತಾ ಅಂತ ನಯವಾಗಿ ಹೇಳ್ತಾನೆ. ಬೇಸಿಗೆ, ಐಸ್ ಇಲ್ಲ, ಹೆಣ ಜಾಸ್ತಿ ಹೊತ್ತು ಇಡೋಕಾಗಲ್ಲ, ಅದು ಆ ಮಾತಿನ ಅರ್ಥ. ಅದನ್ನ ಹೇಳಿಸಿಕೊಳ್ಳೋ ಪಾತ್ರದ ಹೆಸರು ಜಡ್.

ಕೊನೆಯ ದೃಶ್ಯದಲ್ಲಿ ಆಂಜೆಲಾಗೆ ಒಂದು ಫೋನ್ ಬರುತ್ತೆ. ಹೇಳಿದ ಜಾಗಕ್ಕೆ ಹೋದರೆ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕ ಕೂತಿದಾನೆ. ಲೂಯಿಸ್ ಗಾಸೆಟ್ ಜೂನಿಯರ್ ಆ ಪಾತ್ರ ಮಾಡಿದ್ದು. ಹಿಂದೆ ಬೇಕರಿ ಮುಂದೆ ಇದೇ ಮುದುಕ, ನಾನು 200 ಪೌಂಡ್ ಎತ್ತಬಲ್ಲೆ ಅನ್ಸುತ್ತಾ ಅಂತ ಅವಳನ್ನ ಕೇಳಿದ್ದ. 200 ಪೌಂಡ್ ಅಂದ್ರೆ ಸುಮಾರು 90 ಕೆಜಿ, ಒಬ್ಬ ದಪ್ಪ ಗಂಡಸಿನ ತೂಕ. ಅವಳು ತಲೆ ಎತ್ತಿ ನೋಡ್ತಾಳೆ. ಮರದಲ್ಲಿ ಜಡ್ ಕ್ರಾಫರ್ಡ್ ನೇತಾಡ್ತಿದಾನೆ. ಅಮೆರಿಕದಲ್ಲಿ ಮರ, ಹಗ್ಗ, ಕೆಳಗೆ ನಿಂತ ಜನ ಅಂದ್ರೆ ಏನು ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ಫೋಟೋಗಳಲ್ಲಿ ನೇತಾಡೋದು ಯಾವಾಗಲೂ ಯಾರು ಅಂತ ಎಲ್ಲರಿಗೂ ಗೊತ್ತು. ಇಲ್ಲಿ ನೇತಾಡ್ತಿರೋದು ಬಿಳಿ ಪೊಲೀಸ್ ಮುಖ್ಯಸ್ಥ, ಕೆಳಗಿರೋದು ಕಪ್ಪು ಮುದುಕ. ಜಡ್‌ನ ಬ್ಯಾಡ್ಜ್ ನೆಲದ ಮೇಲೆ ಬಿದ್ದಿದೆ. ಅದರ ಮೇಲೆ ಒಂದು ಹನಿ ರಕ್ತ ಬೀಳುತ್ತೆ, ಕಾಮಿಕ್ಸಿನ ಮುಖಪುಟದ ಹಳದಿ ನಗುಮುಖದ ಮೇಲೆ ಬಿದ್ದ ಹಾಗೇ.

ಇದನ್ನ ಸೇಡು ಅಂತ ಓದಿ ಖುಷಿಪಡಬೇಕಾ? ಆಗಲ್ಲ, ಯಾಕಂದ್ರೆ ಅಷ್ಟು ಹೊತ್ತಿಗೆ ಜಡ್ ನಮಗೆ ಇಷ್ಟ ಆಗಿರ್ತಾನೆ. ಊಟದ ಮೇಜಿನಲ್ಲಿ ಎಲ್ಲರ ಮುಂದೆ ಹಾಡು ಹೇಳಿ ನಗಿಸಿದವನು. ಹಾಗಂತ ಬರೀ ದುಃಖ ಅಂತಲೂ ಆಗಲ್ಲ, ಮೂಕಿ ಚಿತ್ರದಲ್ಲಿ ಷೆರಿಫ್‌ನೇ ಕಳ್ಳ ಆಗಿದ್ದ ಅನ್ನೋದು ಮರೆಯೋ ಹಾಗಿಲ್ಲ. ಜಡ್ ಯಾರು ಅನ್ನೋದು ಎರಡನೇ ಎಪಿಸೋಡಿಗೆ. ಅಪ್ಪ ಜೇಬಿಗೆ ಇಟ್ಟ ಚೀಟಿಯ ಇನ್ನೊಂದು ಮಗ್ಗುಲಲ್ಲಿ ಏನು ಅಚ್ಚಾಗಿತ್ತು ಅನ್ನೋದೂ ಅಲ್ಲೇ ಇದೆ, ನಾನು ಹೇಳಲ್ಲ.

ಸೀರೀಸ್ ಬಂದ ಮರುವರ್ಷ, 2020ರಲ್ಲಿ, ಟಲ್ಸಾದ ಓಕ್‌ಲಾನ್ ಸ್ಮಶಾನದಲ್ಲಿ ಗುರುತಿಲ್ಲದ ಗೋರಿಗಳನ್ನ ಅಗೆಯೋಕೆ ಶುರು ಮಾಡಿದರು. ಅದಕ್ಕೆ ಸೀರೀಸ್ ಕಾರಣ ಅಲ್ಲ, ಆ ಊರಿನವರು ಎಷ್ಟೋ ವರ್ಷದಿಂದ ಕೇಳ್ತಿದ್ದದ್ದು. 2024ರ ಜುಲೈನಲ್ಲಿ ಡಿಎನ್‌ಎ ಮೂಲಕ ಅಲ್ಲಿನ ಮೊದಲ ವ್ಯಕ್ತಿಯ ಹೆಸರು ಗೊತ್ತಾಯ್ತು: ಸಿ. ಎಲ್. ಡೇನಿಯಲ್. ಜಾರ್ಜಿಯಾ ರಾಜ್ಯದವನು, ಮೊದಲ ಮಹಾಯುದ್ಧದ ಸೈನಿಕ. ಅವನು ಟಲ್ಸಾದಲ್ಲಿ ಸತ್ತ ಅಂತ ಹೇಳೋ ಒಂದು ಕಾಗದ 1936ರಿಂದಲೂ ಸರ್ಕಾರಿ ಫೈಲಿನಲ್ಲಿ ಇತ್ತಂತೆ, ಅವನ ತಾಯಿಯ ಪರವಾಗಿ ವಕೀಲರೊಬ್ಬರು ಬರೆದದ್ದು. ಸೀರೀಸಿನಲ್ಲಿ ಯೂನಿಫಾರ್ಮ್ ಹಾಕ್ಕೊಂಡು ಥಿಯೇಟರಿಗೆ ಓಡಿ ಬಂದ ಆ ಅಪ್ಪನಿಗೆ ಎಪಿಸೋಡ್ ಹೆಸರು ಹೇಳಲ್ಲ. ಮೊನ್ನೆ ಮತ್ತೆ ನೋಡ್ದಾಗ ವಿಮಾನ ಬಂತು, ರೂಮಿನಲ್ಲಿ ಹೊಸದಾಗಿ ಬಂದ ಜೂನಿಯರ್ ಒಬ್ಬ "ಇದೆಲ್ಲ ಗ್ರಾಫಿಕ್ಸ್ ಅಲ್ವಾ ಅಣ್ಣಾ" ಅಂದ. ಪಾಸ್ ಒತ್ತಿ, ಅವನಿಗೆ ಮೊದಲಿಂದ ಹೇಳೋಕೆ ಶುರು ಮಾಡಿದೆ.